ಲುಂಬೋನ ಮೇಲಿನ ಹಲ್ಲು

ನಮ್ಮ ಮನೆಯಲ್ಲಿ ಒಂದು ಕೌದಿ ಇದೆ. ಅದನ್ನು ಒಗೆಯಲು ಇಬ್ಬರು ಬೇಕು, ಹಿಂಡಲು ನಾಲ್ವರು, ಒಣಗಿಸಲು ಮೂರು ದಿನದ ಬಿಸಿಲು. ಹಳೆಯ ಸೀರೆಗಳ ಮೆತ್ತನೆಯ ಕೌದಿ ಅದಲ್ಲ. ರಾಯದುರ್ಗದ ಜೀನ್ಸ್ ಶೆಡ್ಡುಗಳಲ್ಲಿ ಕತ್ತರಿಸಿ ಉಳಿದ ತುಂಡುಗಳನ್ನು ಕೂಡಿಸಿ ಹೊಲಿದದ್ದು. ಹೊದ್ದುಕೊಂಡರೆ ಚಳಿ ಹೋಗುತ್ತದೆ, ಜೊತೆಗೆ ಮಗ್ಗುಲು ಬದಲಿಸುವ ಹಕ್ಕೂ ಹೋಗುತ್ತದೆ. ಮನೆಗೆ ಬಂದ ನೆಂಟರಿಗೆ ಅದನ್ನು ಕೊಟ್ಟರೆ ಮರುದಿನವೇ ಅವರಿಗೆ ಊರಲ್ಲಿ ಏನೋ ಅವಸರದ ಕೆಲಸ ನೆನಪಾಗುತ್ತದೆ.

ಈ ಕೌದಿಯ ಕಾಲ್ದೆಸೆಯ ಮೂಲೆಯಲ್ಲಿ ಒಂದು ಕುರಿ ಇದೆ. ಅಂಗೈಯಗಲದ ಪ್ಯಾಚು. ನೀಲಿ ಕುರಿ, ಹಳದಿ ಕೋಡು, ಬಾಯಿ ತೆರೆದು ನಗುತ್ತಿದೆ. ಕೆಳಗೆ ಒಂದು ಸಾಲು ಬಿಳಿ ಹಲ್ಲು. ಮೇಲೆ ಏನೂ ಇಲ್ಲ, ಬರೀ ಗುಲಾಬಿ ವಸಡು.

ಹೋದ ತಿಂಗಳು ಕೌದಿಯನ್ನು ಮಹಡಿಯ ಗೋಡೆಯ ಮೇಲೆ ಬಿಸಿಲಿಗೆ ಹಾಕಿದ್ದೆ. ಕೆಳಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಟೀಚರಮ್ಮ ಹಪ್ಪಳ ಒಣಗಿಸಲು ಮೇಲೆ ಬಂದವರು ಕುರಿಯನ್ನು ನೋಡಿ ನಿಂತರು.

“ಇದೇನು ಸಾರ್, ಅಜ್ಜ ಆಗಿರೋ ಕುರೀನಾ? ಹಲ್ಲೆಲ್ಲ ಬಿದ್ದು ಹೋಗಿದೆ?” ಎಂದರು.

ಇಂಥ ಒಂದು ಪ್ರಶ್ನೆಗಾಗಿಯೇ ನಾನು ವರ್ಷಕ್ಕೆರಡು ಸಲ ಆ ಕೌದಿಯನ್ನು ಬಿಸಿಲಿಗೆ ಹಾಕುವುದು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳ ಮಾತಿನಲ್ಲಿ ಅರ್ಧದಷ್ಟಾದರೂ ನಿಜವಿದೆ. ನಾನು ಗೋಡೆಗೆ ಒರಗಿ ಕಥೆ ಶುರು ಮಾಡಿದೆ. ನಿಮಗೂ ಅದನ್ನೇ ಹೇಳುತ್ತೇನೆ. ಆದರೆ ಟೀಚರಮ್ಮನಿಗೆ ಹೇಳಿದಷ್ಟು ನಯವಾಗಿ ಹೇಳಲು ಈಗ ಸಾಧ್ಯವಿಲ್ಲ. ನಡುವೆ ಒಂದು ಎಡವಟ್ಟಾಗಿದೆ.

ನಾನು ಮಡಕಶಿರದ ಕಡೆಯವನು. ನಮ್ಮದು ಹಿಪ್ಪುನೇರಳೆ ಸೊಪ್ಪು, ರೇಷ್ಮೆಹುಳದ ಮನೆ. ಅಲ್ಲಿಯ ಕೆಲಸ ಅಣ್ಣನೊಬ್ಬನಿಗೆ ಸಾಕಾಗುತ್ತಿತ್ತು. ಇಬ್ಬರೂ ಮಾಡಿದರೆ ಇಬ್ಬರೂ ಜಗಳವಾಡುವಷ್ಟು ಬಿಡುವು ಸಿಗುತ್ತಿತ್ತು. ಮಗಳು ಭಾಗ್ಯ ಸ್ಕೂಲಿಗೆ ಸೇರುವ ಹೊತ್ತಿಗೆ ರಾಯದುರ್ಗಕ್ಕೆ ಬಂದೆ. ಎರಡೂ ಆಂಧ್ರಕ್ಕೆ ಸೇರಿದ, ಕನ್ನಡ ಆಡುವ ಗಡಿ ಊರುಗಳೇ, ಮಾತಿನ ಧಾಟಿ ಮಾತ್ರ ಬೇರೆ. ಆಗ ಈ ಊರಿನ ಯಾವ ಸಂದಿಗೆ ಹೊಕ್ಕರೂ ಹೊಲಿಗೆ ಮಿಷನ್ನಿನ ಸದ್ದು, ಯಾವ ಮನೆಯ ಕಟ್ಟೆ ನೋಡಿದರೂ ಪ್ಯಾಂಟಿನ ಗುಡ್ಡೆ. ನನಗೆ ಹೊಲಿಯಲು ಬರುತ್ತಿರಲಿಲ್ಲ. ಬಟ್ಟೆ ಕತ್ತರಿಸಲೂ ಬರುತ್ತಿರಲಿಲ್ಲ. ಎರಡೂ ಬಾರದವನನ್ನು ಚೆಕಿಂಗಿಗೆ ಹಾಕುತ್ತಾರೆ. ಹೊಲಿದು ಬಂದ ಪ್ಯಾಂಟನ್ನು ಒಳಗು ಹೊರಗು ಮಾಡಿ, ಹೊಲಿಗೆ ಬಿಟ್ಟಿದೆಯೇ, ದಾರ ಜೋತಿದೆಯೇ ನೋಡಿ, ಸರಿಯಿದ್ದರೆ ಎಡಗಡೆ, ಇಲ್ಲದಿದ್ದರೆ ಬಲಗಡೆ ಎಸೆಯುವುದು. ನನ್ನ ಮಾತು ಕೇಳಿದರೆ ಶೆಡ್ಡಿನ ಹೆಂಗಸರಿಗೆ ನಗು. ನಾನು “ಅವ್ರು ಬಂದವ್ರೆ” ಎಂದರೆ ಅವರು “ಬಂದವ್ರೆ, ಹೋದವ್ರೆ, ಕುಂತವ್ರೆ” ಎಂದು ಮಿಷನ್ನಿನ ತಾಳಕ್ಕೆ ಹಾಡುತ್ತಿದ್ದರು.

ನಮ್ಮ ಶೆಡ್ಡಿನ ಯಜಮಾನರನ್ನು ಎಲ್ಲರೂ ಸಾವ್ಕಾರ್ರು ಎನ್ನುತ್ತಿದ್ದರು. ದಪ್ಪ ಮನುಷ್ಯ, ದಪ್ಪ ನಗು, ಬಾಯಿ ತುಂಬ ಹಲ್ಲು. ಒಂದು ದಿನ ಅವರು ಬಳ್ಳಾರಿಯಿಂದ ಒಂದು ಪೋಸ್ಟರು ಸುತ್ತಿಕೊಂಡು ಬಂದರು. ಬಿಚ್ಚಿದರೆ ನೀಲಿ ಕುರಿ. ಕಂಪ್ಯೂಟರಿನಲ್ಲಿ ಮಾಡಿದ ಮಕ್ಕಳ ಸಿನಿಮಾ ಒಂದು ಬರುತ್ತಿದೆ, ಕುರಿಯ ಹೆಸರು ಲುಂಬೋ, ತೆಲುಗಿನಲ್ಲಿ ಮಾತಾಡುತ್ತದೆ ಎಂದರು.

“ಈ ಸಲ ಸ್ಕೂಲು ಚಾಲೂ ಆಗೂದ್ರಾಗ ಒಂದೊಂದು ಹುಡುಗರ ತೊಡಿ ಮ್ಯಾಲೂ ಈ ಕುರಿ ಕುಂತಿರಬೇಕು ನೋಡ್ರಿ” ಎಂದು ಪೋಸ್ಟರನ್ನು ಗೋಡೆಗೆ ಅಂಟಿಸಿದರು.

ನಾನೂರು ಪ್ಯಾಂಟಿನ ಮೊದಲ ಲಾಟು ತಯಾರಾಯಿತು. ತೊಡೆಗೆ ಹಚ್ಚುವ ಪ್ಯಾಚಿನಲ್ಲಿ ಕುರಿಯ ಮೈ, ಕೋಡು, ಕಣ್ಣು ಎಲ್ಲ ಕಸೂತಿ ಯಂತ್ರದಲ್ಲಿ ಸಲೀಸಾಗಿ ಬಂದವು. ಹಲ್ಲು ಮಾತ್ರ ಬರಲಿಲ್ಲ. ಬಿಳಿ ದಾರ ಗಂಟು ಗಂಟಾಗಿ, ಕುರಿ ಬಾಯಲ್ಲಿ ನೊರೆ ಕಾರಿದ ಹಾಗೆ ಕಾಣುತ್ತಿತ್ತು. ಹಲ್ಲು ಕೈಯಲ್ಲಿ ಹಾಕಿಸೋಣ ಎಂದು ತೀರ್ಮಾನವಾಯಿತು. ಹೀಗಾಗಿ ಆ ಬಂಡಲುಗಳು ತಿಪ್ಪಕ್ಕನ ಮನೆಗೆ ಹೋದವು.

ತಿಪ್ಪಕ್ಕ ಗುಮ್ಮಘಟ್ಟದ ಕಡೆಯ ಕುರಿಗಾರರ ಮನೆಯವಳು. ಹುಟ್ಟಿದಾಗಿನಿಂದ ಕುರಿಯ ಹಿಂದೆ ನಡೆದು, ಐವತ್ತರ ಹೊತ್ತಿಗೆ ಮಂಡಿ ಸೋತು, ಕುರಿ ನಿಲ್ಲದ ಕಡೆ ತಾನು ನಿಲ್ಲಬೇಕು ಎಂದು ಪೇಟೆಗೆ ಬಂದಿದ್ದಳು. ಗಂಡ ತೀರಿಕೊಂಡಿದ್ದ. ಮೈದುನನಿಗೆ ಅವಳು ಹೋದದ್ದು ಸೇರಿರಲಿಲ್ಲ. “ಆರು ತಿಂಗಳಿಗೆ ವಾಪಸ್ ಬರ್ತಾಳ. ಮರಿ ಕಾಯಾಕ ಬಾಗ್ಲಾಗ ಜಾಗ ಹಂಗ ಇಟ್ಟೀನಿ” ಎಂದು ಊರಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಬೆಟ್ಟದ ಕೆಳಗಿನ ಓಣಿಯಲ್ಲಿ ಅವಳದೊಂದು ಕೋಣೆ. ನಮ್ಮ ಶೆಡ್ಡಿನಿಂದ ಬರುವ ಬಂಡಲೇ ಅವಳನ್ನು ಆ ಕೋಣೆಯಲ್ಲಿ ಹಿಡಿದು ನಿಲ್ಲಿಸಿದ್ದು. ಬಂಡಲು ನಿಂತರೆ ಮೈದುನನ ಬಾಗಿಲು, ಕುರಿಮರಿ. ಅದು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಹಲ್ಲು ಹಾಕಿದ ನಾನೂರು ಪ್ಯಾಂಟು ವಾಪಸ್ಸು ಬಂದವು. ನಾನು ಚೆಕ್ ಮಾಡಿದೆ. ನಾನೂರನ್ನೂ ಎಡಗಡೆ ಎಸೆದೆ.

ಮರುದಿನ ಸಾವ್ಕಾರ್ರು ಪ್ಯಾಕ್ ಮಾಡಿದ ಗಂಟು ಒಂದನ್ನು ಬಿಚ್ಚಿ, ಪ್ಯಾಂಟನ್ನು ಎತ್ತಿ ಹಿಡಿದು, ಗೋಡೆಯ ಪೋಸ್ಟರು ನೋಡಿ, ಪ್ಯಾಂಟು ನೋಡಿ, ನನ್ನನ್ನು ನೋಡಿದರು.

“ಏನಪ್ಪಾ ಚೆಕಿಂಗು, ಇದರ ಮ್ಯಾಲಿನ ಹಲ್ಲು ಯಾರು ಮುರುದ್ರು?”

ಪೋಸ್ಟರಿನ ಕುರಿಗೆ ಎರಡು ಸಾಲು ಹಲ್ಲಿತ್ತು. ಪ್ಯಾಂಟಿನ ಕುರಿಗೆ ಒಂದೇ ಸಾಲು. ನಾನೂರಕ್ಕೆ ನಾನೂರೂ ಹಾಗೆಯೇ. ನಾನು ಹೊಲಿಗೆ ನೋಡುತ್ತಿದ್ದೆ, ಚಿತ್ರ ನೋಡುತ್ತಿರಲಿಲ್ಲ. ರೇಷ್ಮೆಹುಳಕ್ಕೆ ಹಲ್ಲು ಎಷ್ಟು ಎಂದು ಕೇಳಿದ್ದರೂ ನನಗೆ ಗೊತ್ತಿರಲಿಲ್ಲ, ಇನ್ನು ಕುರಿಯ ಮಾತೆಲ್ಲಿ!

ತಿಪ್ಪಕ್ಕನಿಗೆ ಹೇಳಿಕಳಿಸಿದರು. ಅವಳು ಸೆರಗಿಗೆ ಸೂಜಿ ಚುಚ್ಚಿಕೊಂಡೇ ಬಂದಳು.

“ಯಾಕ ತಿಪ್ಪಕ್ಕ, ಬಿಳಿ ದಾರ ಮುಗುದಿತ್ತೇನು?”

“ಇಲ್ರಿ, ಇನ್ನೂ ಐತಿ.”

“ಮತ್ತ ಮ್ಯಾಲಿನ ಹಲ್ಲು?”

“ಕುರಿಗೆ ಮುಂದ ಮ್ಯಾಲ ಹಲ್ಲು ಇರಂಗಿಲ್ರಿ ಸಾವ್ಕಾರ್ರ. ಬರೇ ವಸಡು.”

“ಪೋಸ್ಟರ್‍ನ್ಯಾಗ ಅದಾವಲ್ಲ!”

“ಪೋಸ್ಟರು ಬರದಾವ ಕುರಿ ಕಾದಿಲ್ರಿ” ಎಂದಳು ತಿಪ್ಪಕ್ಕ, ಬರೆದವನ ಮೇಲೆ ಕನಿಕರಪಟ್ಟು. “ಕಾಣದಾವ ಬರದಾನ, ಬಿಡ್ರಿ. ಕಂಡಾಕಿ ನಾ ಹೆಂಗ ಹಾಕ್ಲಿ? ನಮ್ಮೂರಾಗ ಯಾರರ ಹುಡುಗ್ರು ಈ ಪ್ಯಾಂಟು ಹಾಕ್ಕೊಂಡ್ರ, ಈ ಹಲ್ಲು ಯಾವಾಕಿ ಹಾಕ್ಯಾಳ ಅಂತ ನಗಂಗಿಲ್ಲೇನ್ರಿ?”

ಮಿಷನ್ನುಗಳು ಒಂದೊಂದಾಗಿ ನಿಂತವು. ಅದೇ ಹೊತ್ತಿಗೆ ಶೆಡ್ಡಿನ ಮುಂದೆ ಒಂದು ಕುರಿಮಂದೆ ಹೋಗುತ್ತಿತ್ತು. ಇದು ನಿಜವಾಗಿ ಅದೇ ಹೊತ್ತಿಗೆ ಹೋಯಿತೋ, ಅಥವಾ ನಾನು ಇಷ್ಟು ವರ್ಷ ಕಥೆ ಹೇಳಿ ಹೇಳಿ ಮಂದೆಯನ್ನು ಅಲ್ಲಿಗೆ ಹೊಡೆದುಕೊಂಡು ಬಂದೆನೋ, ಈಗ ಆಣೆ ಮಾಡಿ ಹೇಳಲಾರೆ. ಆದರೆ ಸಾವ್ಕಾರ್ರು ಬೀದಿಗಿಳಿದು ಒಂದು ಟಗರಿನ ಬಾಯಿಗೆ ಕೈ ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನು ಕಲ್ಪಿಸಿಕೊಳ್ಳುವಷ್ಟು ಬುದ್ಧಿ ನನಗಿಲ್ಲ.

ಕುರಿಯ ಬಾಯಿ ತೆಗೆದು ಹಲ್ಲು ನೋಡುವವರು ಸಂತೆಯಲ್ಲಿ ಕೊಳ್ಳುವವರು ಮಾತ್ರ. ವಯಸ್ಸು ತಿಳಿಯುವುದು ಹಾಗೆ. ಮಂದೆಯ ಅಜ್ಜ ಓಡಿ ಬಂದ.

“ಎರಡು ಹಲ್ಲಿಂದು ಸಾವ್ಕಾರ್ರ! ಕೊಯ್ಯಾಕ ಕೊಡಂಗಿಲ್ಲ, ಸಾಕಾಕ ಆದ್ರ ಮಾತಾಡ್ರಿ” ಎಂದ.

“ಮ್ಯಾಲಿನವು ಎಲ್ಲಿ?” ಎಂದರು ಸಾವ್ಕಾರ್ರು.

“ಏನು ಮ್ಯಾಲಿನವು?”

“ಹಲ್ಲು ಮಾರಾಯ! ಬಿದ್ದು ಹೋಗ್ಯಾವೇನು?”

ಅಜ್ಜ ಸಾವ್ಕಾರ್ರ ಮುಖ ನೋಡಿದ. ಆಮೇಲೆ ನಮ್ಮ ಕಡೆ ತಿರುಗಿ, “ಇವರನ್ನ ಬಿಸಿಲಾಗ ಬಿಡಬ್ಯಾಡ್ರಿ” ಎಂದ. ಸಾವ್ಕಾರ್ರು ಎರಡನೆಯ ಕುರಿಯ ಬಾಯಿ ತೆಗೆದರು. ಮೂರನೆಯದು ಅವರ ಹೆಬ್ಬೆರಳನ್ನು ಚೀಪಿತು. ಕೈಯನ್ನು ಪಂಚೆಗೆ ಒರೆಸಿಕೊಂಡು ಒಳಗೆ ಬಂದರು.

“ಕುರಿಗೆ ಇಲ್ಲ. ಒಪ್ಪಿದೆ” ಎಂದರು. “ಆದ್ರ ನಾವು ಹೊಲದಿರೂದು ಕುರಿ ಅಲ್ಲ ತಿಪ್ಪಕ್ಕ, ಸಿನಿಮಾ. ಬರೂ ಶುಕ್ರವಾರ ಟಾಕೀಸಿಗೆ ಬರ್ತೈತಿ. ಎಲ್ಲಾರೂ ಹೋಗೂಣು. ಸಿನಿಮಾದಾಗ ಅದಕ್ಕ ಮ್ಯಾಲಿನ ಹಲ್ಲು ಇಲ್ಲಂದ್ರ ಇವು ಹಂಗ ಹೋಗ್ಲಿ. ಇದ್ರ ಮಾತ್ರ ನಿನಗ ಇನ್ನ ಬಂಡಲ್ ಇಲ್ಲ. ಬ್ಯಾರೆಯಾರಿಗೆ ಕೊಡ್ತೀನಿ.”

ಹೀಗೆ ಒಂದು ಮಕ್ಕಳ ಸಿನಿಮಾ ತಿಪ್ಪಕ್ಕನ ಪಾಲಿಗೆ ಕೋರ್ಟು ಆಯಿತು.

ಶುಕ್ರವಾರ ಮ್ಯಾಟಿನಿಗೆ ಇಡೀ ಶೆಡ್ಡು ಮಕ್ಕಳನ್ನು ಕಟ್ಟಿಕೊಂಡು ಹೋಯಿತು. ಭಾಗ್ಯ ನನ್ನ ತೊಡೆಯ ಮೇಲೆ, ತಿಪ್ಪಕ್ಕ ನನ್ನ ಪಕ್ಕ, ಸಾವ್ಕಾರ್ರು ಹಿಂದಿನ ಸಾಲಿನಲ್ಲಿ ನ್ಯಾಯಾಧೀಶರ ಹಾಗೆ. ದೀಪ ಆರಿತು. ಲುಂಬೋ ಪರದೆಯ ಮೇಲೆ ಬಂದ. ಬಂದವನು ಮೊದಲು ಮಾಡಿದ ಕೆಲಸವೇ ನಗುವುದು. ಬಚ್ಚಲಿಗೆ ಟೈಲ್ಸ್ ಹಾಕಿಸಿದ ಹಾಗೆ ಮೇಲೊಂದು ಸಾಲು, ಕೆಳಗೊಂದು ಸಾಲು, ಫಳಫಳ.

ವಿಚಾರಣೆ ಅಲ್ಲಿಗೆ ಮುಗಿಯಿತು. ಸಿನಿಮಾ ಮಾತ್ರ ಇನ್ನೂ ಎರಡು ಗಂಟೆ ಇತ್ತು.

ಅಂಥ ಸಿನಿಮಾವನ್ನು ನಾನು ಮತ್ತೆ ನೋಡಿಲ್ಲ. ಕುರಿಯ ಉಣ್ಣೆ ನೆನೆಸಿದ ಶಾವಿಗೆಯ ಹಾಗಿತ್ತು. ಗಾಳಿ ಬೀಸಿದರೆ ಮರಗಳು ಅಲ್ಲಾಡುತ್ತಿದ್ದವು, ಉಣ್ಣೆ ಅಲ್ಲಾಡುತ್ತಿರಲಿಲ್ಲ. ಓಡುವಾಗ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ, ಗೊರಸು ಒಂದಿಷ್ಟು ಮೇಲೆಯೇ ತೇಲುತ್ತಿತ್ತು. ಎಲ್ಲರ ಕಣ್ಣೂ ಗಾಜಿನ ಗೋಲಿ, ಯಾರು ಯಾರನ್ನು ನೋಡಿ ಮಾತಾಡುತ್ತಿದ್ದಾರೆ ಎಂದೇ ತಿಳಿಯುತ್ತಿರಲಿಲ್ಲ. ಲುಂಬೋ ಹಿಮದ ಊರಲ್ಲಿ ಇರುತ್ತಾನೆ, ಅವನಿಗೆ ಹಾರುವ ಆಸೆ. ಖಳನಾಯಕ ಒಂದು ದೈತ್ಯ ಕತ್ತರಿ. ಊರ ಕುರಿಗಳ ಉಣ್ಣೆಯನ್ನೆಲ್ಲ ಕತ್ತರಿಸಿಬಿಡುವುದು ಅದರ ಸಂಚು. ಸಿನಿಮಾ ಮಾಡಿದವರಿಗೆ ತಮ್ಮ ಕತ್ತರಿ ಎಂಥ ಊರಿಗೆ ಬರುತ್ತದೆ ಎಂದು ಗೊತ್ತಿರಲಿಲ್ಲ. ಕತ್ತರಿ ಕಂಡ ಕೂಡಲೇ ನಮ್ಮ ಕಟಿಂಗ್ ಮಾಸ್ಟರು ಎದ್ದು ನಿಂತು ಶಿಳ್ಳೆ ಹೊಡೆದರು. ದಾರ ಕತ್ತರಿಸುವ ಹೆಂಗಸರು ಚಪ್ಪಾಳೆ ತಟ್ಟಿದರು. ಕೊನೆಗೆ ಕತ್ತರಿ ಮುರಿದು ಬಿದ್ದಾಗ ಥಿಯೇಟರಿನಲ್ಲಿ ದುಃಖ ಆವರಿಸಿತು.

ಮಕ್ಕಳ ಗತಿಯೂ ಅಷ್ಟೇ. ಅರ್ಧ ಮಕ್ಕಳು ನಿದ್ದೆ ಮಾಡಿದವು, ಉಳಿದವು ಕುರ್ಚಿ ಸಾಲಿನ ಮಧ್ಯೆ ಮುಟ್ಟಾಟ ಶುರು ಮಾಡಿದವು. ಭಾಗ್ಯ ಇಂಟರ್ವಲ್ಲಿಗೆ ಮುಂಚೆಯೇ, “ಅಪ್ಪಾ, ಇದು ಯಾವಾಗ ಸತ್ತೋಗ್ತದೆ?” ಎಂದು ಕೇಳಿದಳು.

ತಿಪ್ಪಕ್ಕ ಮಾತ್ರ ಕಣ್ಣು ಕೀಳದೆ ನೋಡುತ್ತಿದ್ದಳು. ಸೋತವಳ ಮುಖ ಹೇಗಿರುತ್ತದೆ ಎಂದು ನಾನು ಓರೆಗಣ್ಣಲ್ಲಿ ನೋಡಿದೆ, ಕತ್ತಲಲ್ಲಿ ಏನೂ ಕಾಣಲಿಲ್ಲ. ಲುಂಬೋ ಹಿಂತಿರುಗಿ ಬಾಲ ಅಲ್ಲಾಡಿಸಿದಾಗ ಅವಳು ದೊಡ್ಡ ದನಿಯಲ್ಲಿ ಹೇಳಿದಳು:

“ಬಾಲ ನಾಯಿದು, ಕಿವಿ ಮೊಲದ್ದು, ಹಲ್ಲು ನಮ್ಮ ಸಾವ್ಕಾರ್ರದ್ದು. ಕುರಿ ಎಲ್ಲೈತ್ರಿ ಇದ್ರಾಗ?”

ಇಡೀ ಟಾಕೀಸು ನಕ್ಕಿತು. ಹಿಂದಿನ ಸಾಲಿನಲ್ಲಿ ಸಾವ್ಕಾರ್ರು ಕೂಡ ನಕ್ಕರು. ಪರದೆಯ ಬೆಳಕಿನಲ್ಲಿ ಅವರ ಹಲ್ಲು ಕಂಡು ಜನ ಇನ್ನೂ ಜೋರಾಗಿ ನಕ್ಕರು. ಆದರೆ ನಕ್ಕ ಮಾತ್ರಕ್ಕೆ ತೀರ್ಪು ಬದಲಾಗುವುದಿಲ್ಲ. ಹೊರಗೆ ಬಂದಾಗ, “ಕೊಟ್ಟ ಮಾತು ಮಾತs ತಿಪ್ಪಕ್ಕ” ಎಂದಷ್ಟೇ ಹೇಳಿ ಸ್ಕೂಟರು ಹತ್ತಿದರು.

ಮೂರೇ ದಿನಕ್ಕೆ ಸಿನಿಮಾ ಎತ್ತಂಗಡಿಯಾಯಿತು. ನಾನು ಅದಕ್ಕಿಂತ ಒಂದು ದಿನ ಮುಂಚೆಯೇ ಎತ್ತಂಗಡಿಯಾದೆ. ಹುಳ ಹಣ್ಣಾಗಿವೆ, ಗೂಡಿಗೆ ಬಿಡಲು ಆಳು ಸಾಲದು ಎಂದು ಮಡಕಶಿರದಿಂದ ಅಣ್ಣ ಫೋನು ಮಾಡಿಸಿದ್ದ. ಅವನು ವರ್ಷವೂ ಮಾಡಿಸುತ್ತಿದ್ದ, ನಾನು ವರ್ಷವೂ ಆಗುವುದಿಲ್ಲ ಎನ್ನುತ್ತಿದ್ದೆ. ಆ ಸಲ ಮಾತ್ರ ಕೇಳಿದ ಕೂಡಲೇ ಹೆಂಡತಿ, ಮಗಳನ್ನು ಕರೆದುಕೊಂಡು ಬಸ್ಸು ಹತ್ತಿದೆ. ನಾನೂರು ಪ್ಯಾಂಟನ್ನು ಎಡಗಡೆ ಎಸೆದವನು ನಾನು. ಕೆಲಸ ಕಳೆದುಕೊಂಡದ್ದು ಅವಳು. ಓಣಿಯಲ್ಲಿ ಅವಳ ಮುಖ ನೋಡುವುದಕ್ಕಿಂತ ಹುಳದ ಮುಖ ನೋಡುವುದು ಸುಲಭವಾಗಿತ್ತು.

ಊರಲ್ಲಿ ಒಂದು ತಿಂಗಳಿಗೂ ಹೆಚ್ಚು ಕೂತೆ. ಅಲ್ಲಿದ್ದಾಗಲೇ ಆ ಸೋಜಿಗ ನಡೆದದ್ದು. ಸೋತ ಸಿನಿಮಾದ ಕುರಿ ಟೀವಿಗೆ ಬಂತು. ಮಕ್ಕಳ ಚಾನೆಲ್ಲಿನಲ್ಲಿ ದಿನಾ ಸಂಜೆ ನಾಲ್ಕಕ್ಕೆ ಲುಂಬೋನ ಧಾರಾವಾಹಿ. ಸಿನಿಮಾದಲ್ಲಿ ಒಂದಿಷ್ಟು ಖರ್ಚಾದರೂ ಕಾಣುತ್ತಿತ್ತು, ಟೀವಿಗೆ ಅದೂ ಇಲ್ಲ. ಹಿಮದ ಊರು ಹೋಗಿ ಒಂದೇ ಒಂದು ಮರ ಉಳಿದಿತ್ತು. ಲುಂಬೋ ಎಷ್ಟು ದೂರ ಓಡಿದರೂ ಅದೇ ಮರ ಹಿಂದೆ ಹಾದು ಹೋಗುತ್ತಿತ್ತು. ಕಾಲು ಬರೆಯುವ ಕಷ್ಟ ತಪ್ಪಿಸಲು ಅವನನ್ನು ಸದಾ ಎತ್ತರದ ಹುಲ್ಲಿನ ಹಿಂದೆ ನಿಲ್ಲಿಸಿರುತ್ತಿದ್ದರು.

“ಏನ್ಲಾ ಇದು, ಕುರಿನೋ, ಕುಂಬಳಕಾಯಿನೋ?” ಎಂದ ಅಣ್ಣ.

“ಕುರಿನೇ ಕಣಣ್ಣ. ನಾವು ಪ್ಯಾಂಟಿಗೆ ಹಾಕಿದ್ವಲ್ಲ, ಅದೇ.”

“ಅಂಗಾದ್ರೆ ಮುಂದಿನ ಸಾರಿ ಹುಳ ಹಾಕ್ರಲಾ. ಕಾಲೂ ಬರೆಯಂಗಿಲ್ಲ, ಹಲ್ಲೂ ಬರೆಯಂಗಿಲ್ಲ” ಎಂದ.

ಅಣ್ಣನ ಮನೆಯ ಆ ಟೀವಿಯಲ್ಲೇ ನಾನು ಅದನ್ನು ಕಂಡದ್ದು. ಲುಂಬೋ ನಕ್ಕ. ಕೆಳಗೆ ಒಂದು ಸಾಲು ಹಲ್ಲು. ಮೇಲೆ ಏನೂ ಇಲ್ಲ. ಖರ್ಚು ಉಳಿಸಲು ಮೇಲಿನ ಸಾಲನ್ನೇ ಬಿಟ್ಟಿದ್ದರು! ನಾನು ಕೂತಲ್ಲೇ ಕೂಗಿದೆ. ಅಷ್ಟು ಕೆಟ್ಟ ಧಾರಾವಾಹಿಯನ್ನು ಮಕ್ಕಳು ಯಾಕೆ ನೋಡಿದವೋ ದೇವರಿಗೇ ಗೊತ್ತು, ನಾಲ್ಕು ಗಂಟೆಗೆ ಬೇರೆ ಏನೂ ಬರುತ್ತಿರಲಿಲ್ಲವೇನೋ. ಅಂಗಡಿಗಳಲ್ಲಿ ಲುಂಬೋ ಪ್ಯಾಂಟು ಕೇಳತೊಡಗಿದರು. ನಾನು ರಾಯದುರ್ಗಕ್ಕೆ ಮರಳುವ ಹೊತ್ತಿಗೆ ನಾನೂರು ಪ್ಯಾಂಟೂ ಹೋಗಿದ್ದವು, ತಿಪ್ಪಕ್ಕನ ಕಟ್ಟೆಯ ಮೇಲೆ ಬೇರೆ ಪ್ಯಾಂಟಿನ ಹೊಸ ಬಂಡಲು ಇತ್ತು. ಟೀವಿಯವರ ಜಿಪುಣತನ ಅವಳನ್ನು ಗೆಲ್ಲಿಸಿತ್ತು. ಆಮೇಲೆ ನಮಗಾಗಿ ಒಂದು ಕೌದಿ ಹೊಲಿದು, ಗೆದ್ದ ಗುರುತಿಗೆ ಮೂಲೆಯಲ್ಲಿ ಆ ಕುರಿಯ ಪ್ಯಾಚು ಇಟ್ಟು ಕೊಟ್ಟಳು.

ಕಥೆ ಇಲ್ಲಿಗೆ ಮುಗಿಯುತ್ತದೆ. ಇಷ್ಟು ವರ್ಷ ಇಲ್ಲಿಗೇ ಮುಗಿಯುತ್ತಿತ್ತು. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ನೇಮಕಲ್ಲಿನ ಆಂಜನೇಯನ ಗುಡಿಯ ಕಟ್ಟೆಯ ಮೇಲೆ ಇದನ್ನು ಹೇಳಿದ್ದೇನೆ. ತಿಪ್ಪಕ್ಕನ ಎದುರೇ ಎಷ್ಟೋ ಸಲ ಹೇಳಿದ್ದೇನೆ. ಅವಳು ಎಲೆಯಡಿಕೆ ಜಗಿಯುತ್ತಾ ಕೇಳಿ ನಗುತ್ತಿದ್ದಳು.

ಟೀಚರಮ್ಮನಿಗೆ ತುಂಬಾ ಇಷ್ಟವಾಯಿತು. “ಎಷ್ಟು ಚೆನ್ನಾಗಿದೆ ಸಾರ್! ಕಂಡದ್ದನ್ನ ಕಂಡ ಹಾಗೆ ಹೇಳಿದವರೇ ಕೊನೆಗೆ ಗೆಲ್ಲೋದು. ಸೋಮವಾರ ಪ್ರೇಯರಿನಲ್ಲಿ ಮಕ್ಕಳಿಗೆ ಹೇಳ್ತೀನಿ. ಆ ಟೀವಿ ಕುರಿ ಚಿತ್ರ ಸಿಕ್ಕಿದ್ರೆ ತೋರಿಸಬಹುದಿತ್ತು” ಎಂದರು.

ಆ ಭಾನುವಾರ ಭಾಗ್ಯ ಗಂಡನ ಮನೆಯಿಂದ ಬಂದಿದ್ದಳು. ಅವಳಿಗೆ ಹೇಳಿದೆ. ಅನ್ನಕ್ಕೆ ನೀರಿಟ್ಟು ಬರುವಷ್ಟರಲ್ಲಿ ಫೋನಿನಲ್ಲಿ ಲುಂಬೋನ ಇಡೀ ಧಾರಾವಾಹಿ ಹುಡುಕಿ ತೆಗೆದಳು. ಅದೇ ಮರ, ಅದೇ ಹುಲ್ಲು. ಲುಂಬೋ ನಕ್ಕ.

ಮೇಲೊಂದು ಸಾಲು, ಕೆಳಗೊಂದು ಸಾಲು.

“ಇನ್ನೊಂದು ಹಾಕು” ಎಂದೆ. ಹಾಕಿದಳು. ಮೇಲೆ, ಕೆಳಗೆ. ಮತ್ತೊಂದು. ಮೂರು ಕುರಿಯ ಬಾಯಿ ತೆಗೆಸಿ ನೋಡಿದ ಸಾವ್ಕಾರ್ರ ಹಾಗೆ ನಾನು ಒಂದಾದ ಮೇಲೊಂದು ಭಾಗ ಹಾಕಿಸಿ ನೋಡಿದೆ. ಎಲ್ಲದರಲ್ಲೂ ಹಲ್ಲು. ಸಿನಿಮಾಕ್ಕಿಂತ ನಾಲ್ಕು ಜಾಸ್ತಿಯೇ ಇದ್ದ ಹಾಗಿತ್ತು.

“ದೊಡ್ಡಪ್ಪನ ಮನೆ ಟೀವಿ ನೆನಪಿದೆಯಾ ಅಪ್ಪ?” ಎಂದಳು ಭಾಗ್ಯ. “ಮೇಲಿನ ಅರ್ಧ ಬರೀ ಬೆಳ್ಳಗೆ. ವಾರ್ತೆ ಓದೋರಿಗೂ ಹಣೆ ಇರ್ತಿರಲಿಲ್ಲ.”

ನೆನಪು ಎಂದರೆ ಅಣ್ಣನ ಮನೆಯ ಟೀವಿ ಎಂದು ಆಗ ಅನ್ನಿಸಿತು. ಬೇಡದ್ದು ಇದ್ದ ಅರ್ಧವನ್ನು ಅದು ಬೆಳ್ಳಗೆ ಮಾಡಿ ತೋರಿಸಿತ್ತು, ನಾನು ಅದನ್ನೇ ಊರೂರು ಹೊತ್ತು ತಿರುಗಿದ್ದೆ. ಸರಿ, ಟೀವಿ ಅವಳನ್ನು ಗೆಲ್ಲಿಸಲಿಲ್ಲ. ಹಾಗಾದರೆ ಬಂಡಲು ಹೇಗೆ ಬಂತು? ಇಷ್ಟು ವರ್ಷದಲ್ಲಿ ಆ ಪ್ರಶ್ನೆಯನ್ನು ನಾನು ಒಂದೇ ಒಂದು ಸಲ ತಿಪ್ಪಕ್ಕನನ್ನು ಕೇಳಿರಲಿಲ್ಲ. ನನ್ನ ಬಳಿ ಉತ್ತರ ಇತ್ತಲ್ಲ.

ಭಾಗ್ಯಳ ಫೋನು ತೆಗೆದುಕೊಂಡು ಬೆಟ್ಟದ ಕೆಳಗಿನ ಓಣಿಗೆ ಹೋದೆ. ತಿಪ್ಪಕ್ಕ ಅದೇ ಕೋಣೆಯ ಹೊಸ್ತಿಲಲ್ಲಿ ಕಾಲು ಚಾಚಿ, ದಪ್ಪ ಕನ್ನಡಕ ಹಾಕಿಕೊಂಡು ಯಾರದೋ ಕೌದಿ ಹೊಲಿಯುತ್ತಿದ್ದಳು.

“ಬಾ ತಮ್ಮಾ, ಕುಂದ್ರು.”

“ಅಕ್ಕಾ, ಒಂದು ತಪ್ಪಾಗಿದೆ” ಎಂದು ಫೋನು ಮುಂದೆ ಹಿಡಿದೆ. ಲುಂಬೋ ನಕ್ಕ. ಅವಳು ಕನ್ನಡಕ ಸರಿಮಾಡಿಕೊಂಡು ನೋಡಿದಳು.

“ಹೂಂ, ಇವನs. ಮ್ಯಾಲೂ ಅದಾವಲ್ಲ. ಆವಾಗಿಂದಾನೂ ಇದ್ದುವು.”

“ನಿನಗೆ ಗೊತ್ತಿತ್ತಾ?”

“ಪಕ್ಕದ ಮನ್ಯಾಗ ದಿನಾ ನೋಡ್ತಿದ್ದೆ. ಅಷ್ಟು ಹುಲ್ಲಾಗ ನಿಂದ್ರಸ್ಯಾರ, ಒಂದು ಬಾಯಿ ತಿನ್ನಂಗಿಲ್ಲ ಮುಂಡೇದು.”

“ಮತ್ತೆ ನಾನು ಟೀವಿ ಕುರಿಗೆ ಹಲ್ಲಿಲ್ಲ ಅಂತ ಹೇಳೋವಾಗ ಸುಮ್ಮನೆ ಕೇಳ್ತಿದ್ದೆಯಲ್ಲ?”

“ನೀ ಚಂದ ಹೇಳ್ತಿದ್ದಿ. ನಾನs ಗೆದ್ದಂಗ ಹೇಳ್ತಿದ್ದಿ. ನಡುವ ನಾ ಯಾಕ ಬಾಯಿ ಹಾಕ್ಲಿ?”

“ಹಂಗಾದ್ರೆ ಕೆಲಸ ಹೆಂಗೆ ಸಿಕ್ತಕ್ಕ?”

ಅವಳು ಸೂಜಿಯನ್ನು ಕೌದಿಗೆ ಚುಚ್ಚಿ ನಿಲ್ಲಿಸಿದಳು.

“ಹಾಕಿದೆ.”

“ಏನು?”

“ಮ್ಯಾಲಿನ ಹಲ್ಲು. ನೀ ನಿಮ್ಮೂರಿಗೆ ಹೋದಿ. ನಾ ಒಂದು ವಾರ ಸುಮ್ಮನ ಕುಂತೆ. ಕೈಯಾಗ ಕೆಲಸ ಇಲ್ಲ. ಸುದ್ದಿ ಹೆಂಗ ಮುಟ್ತೋ ಏನೋ, ಗುಮ್ಮಘಟ್ಟದಿಂದ ಮೈದುನ ಬಂದ. ಇಲ್ಲೇ, ನೀ ಕುಂತಿಯಲ್ಲ, ಇಲ್ಲೇ ನಿಂತು, ‘ಅತ್ತಿಗೀ, ಆಟೋ ನಿಂತೈತಿ, ಗಂಟು ಕಟ್ಟು’ ಅಂದ. ‘ತಡಿಯಪ್ಪ, ಸಾವ್ಕಾರ್ರದು ಒಂದಿಷ್ಟು ಕೆಲಸ ಉಳದೈತಿ’ ಅಂತ ಹೇಳಿ ಶೆಡ್ಡಿಗೆ ಹೋದೆ. ‘ಕೊಡ್ರಿ, ಹಾಕ್ತೀನಿ’ ಅಂದೆ. ಸಾವ್ಕಾರ್ರು ಪಾಪ ತಾವs ಬಂಡಲ್ ಹೊತ್ಕೊಂಡು ಬಂದು ಇಲ್ಲಿ ಇಳಿಸಿ ಹೋದ್ರು. ಮೈದುನನ ಮುಂದs ಕುಂತು ಹಾಕಾಕ ಹತ್ತಿದೆ.”

“ಅವನೇನಂದ?”

“ಅವನೂ ಕುರಿ ಕಾದಾವಲ್ಲೇನು? ಒಂದು ಬೀಡಿ ಮುಗಿಯೂತನ ನೋಡಿದ. ‘ಅತ್ತಿಗೀ, ಕುರಿಗೆ ಮ್ಯಾಲ ಹಲ್ಲು ಹಾಕಾಕ ಹತ್ತೀಯಲ್ಲ, ತಲಿ ಕೆಟ್ಟೈತೇನು?’ ಅಂದ. ‘ಇದು ಪ್ಯಾಟಿ ಕುರಿ, ಇದಕ್ಕ ಇರ್ತಾವ’ ಅಂದೆ.” ತಿಪ್ಪಕ್ಕ ನಕ್ಕಳು. ಅವಳ ಬಾಯಲ್ಲೂ ಈಗ ಮೇಲಿನ ಸಾಲು ಹೋಗಿದೆ. “ಅವ ಆಟೋ ಹತ್ತಿ ಒಬ್ಬನs ಹೋದ.”

ಬಗ್ಗದ ತಿಪ್ಪಕ್ಕನನ್ನು ನಾನು ಊರೂರಿಗೆ ಮೆರವಣಿಗೆ ಮಾಡಿಸಿದ್ದೆ. ನಿಜದ ತಿಪ್ಪಕ್ಕ ಇಲ್ಲಿ ಬಗ್ಗಿ ಕೂತು ಒಂದೊಂದೇ ಹಲ್ಲು ಹಾಕಿದ್ದಳು.

“ನಾನೂರಕ್ಕೂ ಹಾಕಿದೆಯಾ?”

“ಒಂದು ಬಿಟ್ಟು. ಅದನ್ನ ಬಿಚ್ಚಿ ಇಟ್ಕೊಂಡು ನಿನ್ನ ಕೌದಿಗೆ ಹಚ್ಚಿದೆ.”

“ನನಗ್ಯಾಕೆ?”

“ನೀ ಒಬ್ಬಾವs ಅದನ್ನ ತಪ್ಪು ಅನ್ನದs ಪಾಸ್ ಮಾಡಿದಾವ.”

ಈ ಮಾತಿನ ಮೇಲೆ ಇನ್ನೊಂದು ಕಥೆ ಕಟ್ಟಿ ಮುಂದಿನ ಇಪ್ಪತ್ತು ವರ್ಷ ಹೇಳಬಹುದಿತ್ತು. ಗಂಟಲಿನ ತನಕ ಬಂದಿತ್ತು ಕೂಡ.

“ಅಕ್ಕಾ, ನಾನು ನೋಡಿರಲೇ ಇಲ್ಲ” ಎಂದೆ.

“ಗೊತ್ತೈತಿ ಬಿಡು” ಎಂದಳು ತಿಪ್ಪಕ್ಕ. “ಎಲ್ಲಿ, ಇನ್ನೊಮ್ಮೆ ತೋರ್ಸು ಅವನ್ನ.”

ಫೋನು ಕೊಟ್ಟೆ. ಅವಳು ಅದನ್ನು ಕಣ್ಣಿನ ಹತ್ತಿರ ತಂದುಕೊಂಡಳು. ಲುಂಬೋ ಅದೇ ಮರದ ಮುಂದೆ ಮತ್ತೆ ಮತ್ತೆ ನಗುತ್ತಿದ್ದ. ಅವಳು ಅವನ ಬಾಯನ್ನೇ ನೋಡುತ್ತಿದ್ದಳು, ಬೇರೊಬ್ಬರು ಹಾಕಿದ ಹೊಲಿಗೆಯನ್ನು ನೋಡುವ ಹಾಗೆ.

“ಎಷ್ಟು ನೀಟಾಗಿ ಹಾಕ್ಯಾರ ನೋಡು, ಒಂದೊಂದು ಹಲ್ಲು” ಎಂದಳು. “ಹಾಕಿದಾರಿಗೆ ಗೊತ್ತಿರಲಿಲ್ಲ ಅಂತೀಯೇನು? ಅವರಿಗೂ ಯಾರೋ ಸಾವ್ಕಾರ್ರು ಹೇಳಿರಬೇಕು, ಪಾಪ.”